ಒಂದು ಮೀಟರ್ ಉದ್ದದ ಜೀವಕೋಶ

ಸಕ್ಕರೆ ಕಾಯಿಲೆ ಇರುವವರು ನರದ ತೊಂದರೆಯನ್ನು ಹೇಳಿಕೊಳ್ಳುವ ರೀತಿಯಲ್ಲೇ ಅರ್ಧ ರೋಗ ತಿಳಿದುಹೋಗುತ್ತದೆ. ಕಾಲುಚೀಲ ಬಿಚ್ಚಿಟ್ಟಿದ್ದರೂ ಹಾಕಿಕೊಂಡ ಹಾಗೇ ಇದೆ ಎನ್ನುತ್ತಾರೆ ಒಬ್ಬರು. ಹತ್ತಿಯ ಮೇಲೆ ನಡೆದಂತಾಗುತ್ತದೆ ಎನ್ನುತ್ತಾರೆ ಇನ್ನೊಬ್ಬರು. ಚಪ್ಪಲಿ ಕಾಲಿನಿಂದ ಜಾರಿಹೋಗಿದ್ದು ಹಿಂದೆ ಬರುತ್ತಿದ್ದವರು ಕೂಗಿ ಹೇಳಿದ ಮೇಲೇ ಗೊತ್ತಾಯಿತು ಎನ್ನುವವರಿದ್ದಾರೆ. ರಾತ್ರಿ ಹೊದಿಕೆಯ ಅಂಚು ಸೋಕಿದರೂ ಪಾದ ಉರಿಯುತ್ತದೆ ಎಂದು ಕಾಲನ್ನು ಹೊರಗೆ ಚಾಚಿ ಮಲಗುವವರಿದ್ದಾರೆ. ಮಾತು ಬೇರೆ ಬೇರೆಯಾದರೂ ನಕ್ಷೆ ಒಂದೇ. ಶುರುವಾಗುವುದು ಕಾಲ್ಬೆರಳ ತುದಿಯಲ್ಲಿ, ಎರಡೂ ಕಾಲಲ್ಲಿ ಹೆಚ್ಚುಕಡಿಮೆ ಒಟ್ಟಿಗೇ. ಅಲ್ಲಿಂದ ನಿಧಾನವಾಗಿ ಮೇಲೇರುತ್ತದೆ. ಮರಗಟ್ಟುವಿಕೆ ಮೊಣಕಾಲಿನ ಹತ್ತಿರ ಬರುವ ಹೊತ್ತಿಗೆ ಕೈಬೆರಳ ತುದಿಗಳಲ್ಲೂ ಜೋಮು ಕಾಣಿಸಿಕೊಳ್ಳುತ್ತದೆ.

ರಕ್ತದಲ್ಲಿ ಏರಿದ ಸಕ್ಕರೆ ತಲೆಯಿಂದ ಕಾಲಿನವರೆಗೆ ಎಲ್ಲ ಕಡೆಯೂ ಒಂದೇ ಸಮ ಹರಿಯುತ್ತದೆ. ಹಾಗಿದ್ದ ಮೇಲೆ ಮೂಗಿನ ತುದಿ ಮರಗಟ್ಟದೆ ಕಾಲ್ಬೆರಳೇ ಏಕೆ ಮೊದಲು? ‘ಸಕ್ಕರೆ ಜಾಸ್ತಿಯಾದರೆ ನರ ಕೆಡುತ್ತದೆ’ ಎಂಬ ಒಂದು ಸಾಲಿನ ವಿವರಣೆ ಈ ಪ್ರಶ್ನೆಯ ಮುಂದೆ ನಿಲ್ಲುವುದಿಲ್ಲ. ಉತ್ತರ ಇರುವುದು ಸಕ್ಕರೆಯಲ್ಲಿ ಅರ್ಧ, ನರದ ರಚನೆಯಲ್ಲಿ ಇನ್ನರ್ಧ.

ಹೆಬ್ಬೆರಳಿನ ಸ್ಪರ್ಶವನ್ನು ಹೊತ್ತೊಯ್ಯುವ ನರಕೋಶದ ತಿರುಳು ಇರುವುದು ಸೊಂಟದ ಮಟ್ಟದಲ್ಲಿ, ಬೆನ್ನುಮೂಳೆಯ ಪಕ್ಕದ ಒಂದು ಪುಟ್ಟ ಗಂಟಿನಲ್ಲಿ. ಅಲ್ಲಿಂದ ಹೊರಟ ಅದರ ಎಳೆ ತೊಡೆ, ಮೀನಖಂಡ, ಹಿಮ್ಮಡಿ ಎಲ್ಲವನ್ನೂ ಹಾದು ಬೆರಳಿನ ಚರ್ಮ ಮುಟ್ಟುವಾಗ ಹತ್ತಿರ ಹತ್ತಿರ ಒಂದು ಮೀಟರ್ ಆಗಿರುತ್ತದೆ. ಇದು ಹಲವು ಕೋಶಗಳನ್ನು ಜೋಡಿಸಿ ಮಾಡಿದ ಹಗ್ಗವಲ್ಲ, ಇಡೀ ಎಳೆ ಒಂದೇ ಕೋಶದ ಬಾಲ. ಬಾಲದ ತುದಿಗೆ ಬೇಕಾದ ಪ್ರೋಟೀನುಗಳಲ್ಲಿ ಹೆಚ್ಚಿನವು ತಯಾರಾಗುವುದು ಸೊಂಟದ ಬಳಿಯ ತಿರುಳಿನಲ್ಲಿ. ಅವನ್ನು ಎಳೆಯೊಳಗಿನ ಸೂಕ್ಷ್ಮ ಹಳಿಗಳ ಮೇಲೆ ಸಾಗಿಸಬೇಕು. ವೇಗದ ಸಾಗಣೆ ದಿನಕ್ಕೆ ಸುಮಾರು 400 ಮಿಲಿಮೀಟರ್, ಅಂದರೆ ತುದಿ ಮುಟ್ಟಲು ಎರಡು ಮೂರು ದಿನ. ಎಳೆಯ ಒಳಗಿನ ಚೌಕಟ್ಟಿನ ಸಾಮಗ್ರಿ ಹೋಗುವುದು ನಿಧಾನದ ಗಾಡಿಯಲ್ಲಿ, ದಿನಕ್ಕೆ ಕೆಲವೇ ಮಿಲಿಮೀಟರ್. ಎರಡು ಮಿಲಿಮೀಟರ್ ಎಂದು ಲೆಕ್ಕ ಹಿಡಿದರೂ 500 ದಿನ. ದಾರಿಯುದ್ದಕ್ಕೂ ಇಂಧನ ಖರ್ಚು, ದಾರಿಯುದ್ದಕ್ಕೂ ದುರಸ್ತಿ. ಈ ಸರಬರಾಜಿನಲ್ಲಿ ಎಲ್ಲೇ ಸ್ವಲ್ಪ ಏರುಪೇರಾದರೂ ಮೊದಲು ಬರಿದಾಗುವುದು ಕಟ್ಟಕಡೆಯ ನಿಲ್ದಾಣ. ಎತ್ತರದ ಆಳುಗಳಿಗೆ ಈ ತೊಂದರೆಯ ಸಂಭವ ತುಸು ಹೆಚ್ಚಿರುವುದು ಇದೇ ಕಾರಣಕ್ಕೆ. ಮೊಣಕಾಲಿನವರೆಗೆ ಬಂದಾಗ ಕೈಬೆರಳು ಸರದಿಗೆ ಸೇರುವುದೂ ಅಷ್ಟೇ, ಆ ಎರಡು ಎಳೆಗಳ ಉದ್ದ ಹೆಚ್ಚುಕಡಿಮೆ ಒಂದೇ.

ಈಗ ಸಕ್ಕರೆಯ ಕಡೆ ಬರೋಣ. ಸ್ನಾಯು ಮತ್ತು ಕೊಬ್ಬಿನ ಕೋಶಗಳು ಇನ್ಸುಲಿನ್ ಬಂದು ಬಾಗಿಲು ತಟ್ಟಿದರೆ ಮಾತ್ರ ಗ್ಲೂಕೋಸನ್ನು ಹೆಚ್ಚಾಗಿ ಒಳಗೆ ಬಿಡುತ್ತವೆ. ನರಕ್ಕೆ ಅಂಥ ಬಾಗಿಲಿಲ್ಲ. ಸದಾ ಗ್ಲೂಕೋಸ್ ಬೇಕಾದ ಕೋಶವಾದ್ದರಿಂದ ಇನ್ಸುಲಿನ್ನಿನ ಹಂಗಿಲ್ಲದ ದಾರಿಯನ್ನು ಅದು ತೆರೆದೇ ಇಟ್ಟಿರುತ್ತದೆ. ಎಲ್ಲ ಸರಿಯಿದ್ದಾಗ ಇದು ಅನುಕೂಲ. ರಕ್ತದಲ್ಲಿ ಸಕ್ಕರೆ ಎರಡು ಪಟ್ಟಾದಾಗ ನರದೊಳಗೂ ಅದು ಏರುತ್ತದೆ, ತಡೆಯುವ ಉಪಾಯ ನರಕ್ಕೆ ಗೊತ್ತಿಲ್ಲ.

ಒಳಗೆ ಹೆಚ್ಚಾದ ಗ್ಲೂಕೋಸ್ ಹಿಡಿಯುವ ಅಡ್ಡದಾರಿಗಳಲ್ಲಿ ಒಂದನ್ನು ಹತ್ತಿರದಿಂದ ನೋಡಬೇಕು. ಆಲ್ಡೋಸ್ ರಿಡಕ್ಟೇಸ್ ಎಂಬ ಕಿಣ್ವವೊಂದಿದೆ. ಗ್ಲೂಕೋಸ್ ಮಿತಿಯಲ್ಲಿದ್ದಾಗ ಇದು ಬಹುತೇಕ ಕೈಕಟ್ಟಿ ಕೂತಿರುತ್ತದೆ. ಗ್ಲೂಕೋಸ್ ಉಕ್ಕಿದಾಗ ಎದ್ದು, ಅದನ್ನು ಸಾರ್ಬಿಟಾಲ್ ಆಗಿ ಬದಲಿಸುತ್ತದೆ. ಆಮೇಲೆ ಇನ್ನೊಂದು ಕಿಣ್ವ ಅದನ್ನು ಫ್ರಕ್ಟೋಸ್ ಮಾಡುತ್ತದೆ. ಸಾರ್ಬಿಟಾಲ್ ಕೋಶದ ಪೊರೆ ದಾಟಿ ಸುಲಭವಾಗಿ ಹೊರಹೋಗುವುದಿಲ್ಲ, ಒಳಗೇ ಕೂಡಿಕೊಂಡು ನೀರೆಳೆದು ಕೋಶವನ್ನು ಊದಿಸುತ್ತದೆ ಎಂದು ಬಹಳ ಕಾಲ ಹೇಳುತ್ತಿದ್ದರು. ಕಣ್ಣಿನ ಮಸೂರಕ್ಕೆ ಆ ವಾದ ಚೆನ್ನಾಗಿ ಹೊಂದುತ್ತದೆ. ನರದಲ್ಲಿ ಕೂಡಿಕೊಳ್ಳುವ ಸಾರ್ಬಿಟಾಲ್ ಅಷ್ಟು ದೊಡ್ಡ ಪ್ರಮಾಣದ್ದಲ್ಲ. ಅಲ್ಲಿ ನಿಜವಾದ ನಷ್ಟ ಆಗುವುದು ಈ ಬದಲಾವಣೆಗೆ ತೆರುವ ಬೆಲೆಯಲ್ಲಿ. ಪ್ರತಿ ಗ್ಲೂಕೋಸ್ ಕಣವನ್ನು ಸಾರ್ಬಿಟಾಲ್ ಮಾಡಲು ಎನ್‌ಎಡಿಪಿಎಚ್ ಎಂಬ ಒಂದು ಕಣ ಖರ್ಚಾಗುತ್ತದೆ. ಕೋಶದ ಮುಖ್ಯ ರಕ್ಷಕವಾದ ಗ್ಲುಟಾಥಯೋನ್ ಕೆಲಸ ಮಾಡಿ ಬಳಲಿದಾಗ ಅದನ್ನು ಮತ್ತೆ ಸಜ್ಜುಗೊಳಿಸುವುದಕ್ಕೂ ಅದೇ ಎನ್‌ಎಡಿಪಿಎಚ್ ಬೇಕು. ಬೇಡದ ಕೆಲಸಕ್ಕೆ ಕಾಸು ಸುರಿದು ಕಾವಲುಗಾರನಿಗೆ ಸಂಬಳ ಇಲ್ಲದಂತಾಗುವ ಸ್ಥಿತಿ ಇದು. ಇದರ ಜೊತೆಗೆ ಮಯೋ-ಇನಾಸಿಟಾಲ್ ಎಂಬ ಇನ್ನೊಂದು ವಸ್ತು ನರದಲ್ಲಿ ಕಡಿಮೆಯಾಗಿ, ಸೋಡಿಯಂ ಪೊಟ್ಯಾಶಿಯಂ ಪಂಪಿನ ಓಟ ಕುಂಟುತ್ತದೆ. ಆ ಪಂಪ್ ಕುಂಟಿದರೆ ಸಂದೇಶದ ವೇಗ ಇಳಿಯುತ್ತದೆ.

ಕಾರಣ ಇಷ್ಟು ಸ್ಪಷ್ಟವಾಗಿದ್ದರೆ ಆ ಕಿಣ್ವವನ್ನು ಕಟ್ಟಿಹಾಕಿದರೆ ಆಯಿತಲ್ಲ ಎನಿಸುವುದು ಸಹಜ. ಔಷಧ ಕಂಪನಿಗಳಿಗೂ ಹಾಗೇ ಅನಿಸಿತು. ದಶಕಗಳ ಕಾಲ ಒಂದಾದ ಮೇಲೊಂದು ಮಾತ್ರೆ ಬಂತು. ಕೆಲವು ಅಡ್ಡಪರಿಣಾಮಕ್ಕೆ, ಕೆಲವು ಗುಣ ಕಾಣದ್ದಕ್ಕೆ ಬಿದ್ದುಹೋದವು. ಉಳಿದುಕೊಂಡವುಗಳಲ್ಲಿ ಹೆಸರು ಮಾಡಿದ್ದು ಎಪಾಲ್ರೆಸ್ಟಾಟ್, ಜಪಾನಿನಲ್ಲಿ 1992ರಿಂದ ಬಳಕೆಯಲ್ಲಿದೆ. ಅದರ ಲಾಭವೂ ಸಾಧಾರಣ. ಈ ಸೋಲಿನಿಂದ ನಾನು ತಿಳಿಯುವುದಿಷ್ಟು: ನರ ಕೆಡುವುದು ಒಂದೇ ತೂತಿನಿಂದಲ್ಲ, ಒಂದನ್ನು ಮುಚ್ಚಿದರೆ ನೀರು ಇನ್ನೊಂದರಲ್ಲಿ ಸೋರುತ್ತದೆ.

ಆ ಇನ್ನೊಂದು ತೂತು ಸಕ್ಕರೆ ಅಂಟಿಕೊಳ್ಳುವುದು. ಗ್ಲೂಕೋಸ್ ಯಾವ ಕಿಣ್ವದ ಸಹಾಯವೂ ಇಲ್ಲದೆ ಪ್ರೋಟೀನಿಗೆ ಮೆತ್ತಿಕೊಳ್ಳುತ್ತದೆ. ಮೂರು ತಿಂಗಳ ಸರಾಸರಿ ತಿಳಿಯಲು ಮಾಡಿಸುವ ಎಚ್‌ಬಿಎ1ಸಿ ಪರೀಕ್ಷೆ ಅಳೆಯುವುದು ಇದನ್ನೇ, ಹಿಮೋಗ್ಲೋಬಿನ್ನಿಗೆ ಎಷ್ಟು ಸಕ್ಕರೆ ಮೆತ್ತಿದೆ ಎಂಬುದನ್ನು. ಕೆಂಪು ರಕ್ತಕಣ ನಾಲ್ಕು ತಿಂಗಳಲ್ಲಿ ಸತ್ತು ಹೊಸದು ಬರುತ್ತದೆ, ಹಾಗಾಗಿ ಅಲ್ಲಿ ಕಲೆ ಉಳಿಯುವುದಿಲ್ಲ. ನರದ ಸುತ್ತಲಿನ ಕೊಲ್ಯಾಜನ್‌ನಂಥ ಪ್ರೋಟೀನು ವರ್ಷಗಟ್ಟಲೆ ಬದಲಾಗದು. ಅದಕ್ಕೆ ಮೆತ್ತಿದ ಸಕ್ಕರೆ ಮಾರ್ಪಡುತ್ತಾ ಕೊನೆಗೆ ಬಿಡಿಸಲಾಗದ ಕೊಂಡಿಯಾಗುತ್ತದೆ. ಇಂಥ ವಸ್ತುಗಳನ್ನು ಗುರುತಿಸುವ ಗ್ರಾಹಕಗಳೂ ಕೋಶಗಳ ಮೇಲಿವೆ. ಅವು ಕೆರಳಿದಾಗ ಉರಿಯೂತ ಶುರು.

ಈ ಬಿಡಿ ದಾರಿಗಳನ್ನೆಲ್ಲ ಒಂದು ಎಳೆಯಲ್ಲಿ ಕೋದವರು ಅಮೆರಿಕದ ಮೈಕೆಲ್ ಬ್ರೌನ್ಲೀ. ಅವರ ಪ್ರಕಾರ ಇವೆಲ್ಲದರ ಮೂಲ ಮೈಟೊಕಾಂಡ್ರಿಯಾ, ಅಂದರೆ ಕೋಶದ ಇಂಧನ ಒಲೆ. ಅತಿಯಾಗಿ ಸಕ್ಕರೆ ತುಂಬಿದಾಗ ಒಲೆಯಿಂದ ಸೂಪರ್‌ಆಕ್ಸೈಡ್ ಎಂಬ ಕಿಡಿ ಹೆಚ್ಚು ಹಾರುತ್ತದೆ. ಅದು ಗ್ಲೂಕೋಸ್ ಕರಗಿಸುವ ಸರಣಿಯ ನಡುವಿನ ಒಂದು ಮೆಟ್ಟಿಲನ್ನೇ ಕಟ್ಟಿಹಾಕುತ್ತದೆ. ಮೆಟ್ಟಿಲ ಮೇಲೆ ಸಿಕ್ಕಿಬಿದ್ದ ಸಕ್ಕರೆ ಅಡ್ಡದಾರಿಗಳಿಗೆ ನುಗ್ಗುತ್ತದೆ. ಎಲ್ಲ ವಿವರಗಳಲ್ಲೂ ಈ ಸಿದ್ಧಾಂತವನ್ನು ಎಲ್ಲರೂ ಒಪ್ಪಿಲ್ಲ, ಆದರೆ ನರಕ್ಕೆ ಇದು ಏಕೆ ಮುಖ್ಯ ಎಂಬುದು ಸುಲಭವಾಗಿ ಹೊಳೆಯುತ್ತದೆ: ಮೀಟರ್ ಉದ್ದದ ಎಳೆಯಲ್ಲಿ ಮೈಟೊಕಾಂಡ್ರಿಯಾಗಳೂ ಸೊಂಟದಿಂದ ಪಾದಕ್ಕೆ ಹಳಿಯ ಮೇಲೆ ಪ್ರಯಾಣ ಮಾಡಬೇಕು.

ನರಕ್ಕೂ ರಕ್ತನಾಳ ಬೇಕೆಂಬುದನ್ನು ನಾವು ಮರೆಯುತ್ತೇವೆ. ನರದ ಕಟ್ಟಿನೊಳಗೆ ಕೂದಲಿಗಿಂತ ಸಣ್ಣ ನಾಳಗಳು ಹರಡಿವೆ. ಸಕ್ಕರೆ ಕಾಯಿಲೆಯಲ್ಲಿ ಇವುಗಳ ಗೋಡೆಯ ತಳಪೊರೆ ದಪ್ಪಗಾಗುತ್ತದೆ, ಒಳದಾರಿ ಕಿರಿದಾಗುತ್ತದೆ, ನಾಳವನ್ನು ಹಿಗ್ಗಿಸುವ ನೈಟ್ರಿಕ್ ಆಕ್ಸೈಡ್ ಸಾಲದಾಗುತ್ತದೆ. ಆಮ್ಲಜನಕ ಕಡಿಮೆ ಬೀಳುತ್ತದೆ. ಕಣ್ಣಿನ ರೆಟಿನಾ, ಮೂತ್ರಪಿಂಡ, ನರ ಈ ಮೂರೂ ಒಬ್ಬರಲ್ಲೇ ಒಟ್ಟಿಗೆ ಕೆಡುವುದು ಅಪರೂಪವಲ್ಲದಿರುವುದಕ್ಕೆ ಸಣ್ಣ ನಾಳಗಳೇ ಕೊಂಡಿ.

ಸಕ್ಕರೆಯ ಪಾತ್ರ ಎಷ್ಟು ಎಂಬುದಕ್ಕೆ ಗಟ್ಟಿ ಪುರಾವೆ ಸಿಕ್ಕಿದ್ದು 1993ರಲ್ಲಿ, ಅಮೆರಿಕ ಮತ್ತು ಕೆನಡಾದಲ್ಲಿ ನಡೆದ ಡಿಸಿಸಿಟಿ ಅಧ್ಯಯನದಿಂದ. ಅದರಲ್ಲಿದ್ದವರು ಟೈಪ್ 1 ಮಧುಮೇಹದ, ಅಂದರೆ ದೇಹದಲ್ಲಿ ಇನ್ಸುಲಿನ್ನೇ ತಯಾರಾಗದ ಬಗೆಯ, 1,441 ಮಂದಿ. ಒಂದು ಗುಂಪಿನ ಎಚ್‌ಬಿಎ1ಸಿ ಸುಮಾರು ಶೇ. 7ರ ಹತ್ತಿರ, ಇನ್ನೊಂದರದ್ದು ಶೇ. 9ರ ಹತ್ತಿರ. ಬಿಗಿಯಾಗಿ ಸಕ್ಕರೆ ಹಿಡಿದಿಟ್ಟ ಗುಂಪಿನಲ್ಲಿ ನರದ ತೊಂದರೆ ಶೇ. 60ರಷ್ಟು ಕಡಿಮೆ. ಅಧ್ಯಯನ ಮುಗಿದ ಮೇಲೆ ಎರಡೂ ಗುಂಪಿನ ಸಕ್ಕರೆ ಹೆಚ್ಚುಕಡಿಮೆ ಒಂದೇ ಮಟ್ಟಕ್ಕೆ ಬಂದರೂ, ಮೊದಲು ಬಿಗಿಯಾಗಿದ್ದವರ ಲಾಭ ಹತ್ತು ವರ್ಷ ಕಳೆದರೂ ಪೂರ್ತಿ ಅಳಿಯಲಿಲ್ಲ. ಮೊದಲ ವರ್ಷಗಳ ಸಕ್ಕರೆಯನ್ನು ದೇಹ ನೆನಪಿಟ್ಟುಕೊಳ್ಳುತ್ತದೆ ಎನ್ನುವುದು ಇದಕ್ಕೇ. ಬಿಡಿಸಲಾಗದ ಆ ಕೊಂಡಿಗಳು ಈ ನೆನಪಿನ ಒಂದು ಭಾಗ ಇರಬೇಕೆಂದು ಸಂಶೋಧಕರು ಊಹಿಸುತ್ತಾರೆ.

ಇನ್ಸುಲಿನ್ ಇದ್ದರೂ ದೇಹ ಅದಕ್ಕೆ ಸರಿಯಾಗಿ ಓಗೊಡದ ಟೈಪ್ 2ರಲ್ಲಿ ಮಾತ್ರ ಲೆಕ್ಕ ಇಷ್ಟು ಚೊಕ್ಕವಾಗಿ ಬರುವುದಿಲ್ಲ. ಸಕ್ಕರೆಯನ್ನು ಬಿಗಿ ಹಿಡಿದರೂ ನರಕ್ಕೆ ಸಿಗುವ ಲಾಭ ಅಲ್ಲಿ ಬಹಳ ಸಣ್ಣದು. ಎಷ್ಟೋ ಜನರಿಗೆ ಕಾಯಿಲೆ ಪತ್ತೆಯಾದ ದಿನವೇ ಪಾದದ ಸ್ಪರ್ಶ ಕುಂದಿರುತ್ತದೆ. ಸಕ್ಕರೆ ಇನ್ನೂ ಗಡಿಯಲ್ಲಿರುವ ಪ್ರೀಡಯಾಬಿಟಿಸ್ ಹಂತದಲ್ಲೇ ಉರಿ ಶುರುವಾದವರೂ ಇದ್ದಾರೆ. ಅಂದ ಮೇಲೆ ಗ್ಲೂಕೋಸ್ ಬಿಟ್ಟು ಬೇರೆಯೂ ಕೈ ಹಾಕಿವೆ. 2005ರಲ್ಲಿ ಬಂದ ಯೂರೋಡಯಾಬ್ ಅಧ್ಯಯನ ಟೈಪ್ 1ರವರಲ್ಲೇ ಇದನ್ನು ತೋರಿಸಿತು: ಸಕ್ಕರೆ ಮತ್ತು ಕಾಯಿಲೆಯ ಅವಧಿಯ ಜೊತೆಗೆ ಟ್ರೈಗ್ಲಿಸರೈಡ್, ದೇಹತೂಕ, ರಕ್ತದೊತ್ತಡ, ಧೂಮಪಾನ ಇವೂ ನರದ ತೊಂದರೆಯ ಜೊತೆ ತಳಕು ಹಾಕಿಕೊಂಡಿದ್ದವು. ಎಳೆಗೆ ಹೊದಿಕೆ ಸುತ್ತುವ, ಊಟ ಉಣಿಸುವ ಶ್ವಾನ್ ಕೋಶಗಳಿಗೂ ಅತಿಯಾದ ಕೊಬ್ಬಿನಾಮ್ಲ ಜೀರ್ಣವಾಗುವುದಿಲ್ಲ. ಇನ್ನೊಂದು ವಿಷಯ ಕಡೆಗಣಿಸಲ್ಪಟ್ಟಿದೆ. ನರಕ್ಕೆ ಸಕ್ಕರೆ ಒಳಗೆ ತರಲು ಇನ್ಸುಲಿನ್ ಬೇಡ, ನಿಜ. ಆದರೆ ಬದುಕಿ ಬೆಳೆಯಲು, ದುರಸ್ತಿ ಮಾಡಿಕೊಳ್ಳಲು ಇನ್ಸುಲಿನ್ ಕೊಡುವ ಸಂಕೇತ ಬೇಕು. ಟೈಪ್ 1ರಲ್ಲಿ ಇನ್ಸುಲಿನ್ನೇ ಇಲ್ಲ, ಟೈಪ್ 2ರಲ್ಲಿ ಇದ್ದರೂ ನರ ಅದಕ್ಕೆ ಕಿವುಡಾಗಿರುತ್ತದೆ.

ಇಲ್ಲೊಂದು ವಿಚಿತ್ರವನ್ನು ಹೇಳಲೇಬೇಕು. ಸಕ್ಕರೆಯನ್ನು ತೀರ ವೇಗವಾಗಿ ಇಳಿಸುವುದೂ ನರಕ್ಕೆ ಪೆಟ್ಟು ಕೊಡಬಹುದು. 1933ರಲ್ಲೇ ಇನ್ಸುಲಿನ್ ಶುರು ಮಾಡಿದ ರೋಗಿಯಲ್ಲಿ ಇದನ್ನು ವರದಿ ಮಾಡಿದ್ದರು, ‘ಇನ್ಸುಲಿನ್ ನ್ಯೂರೈಟಿಸ್’ ಎಂಬ ಹೆಸರು ಬಿತ್ತು. ಆದರೆ ತಪ್ಪು ಇನ್ಸುಲಿನ್ನಿನದ್ದಲ್ಲ, ಮಾತ್ರೆಯಿಂದ ಇಳಿಸಿದರೂ ಆಗುತ್ತದೆ, ವೇಗವೇ ಕಾರಣ. ವರ್ಷಗಟ್ಟಲೆ ಏರಿದ್ದ ಎಚ್‌ಬಿಎ1ಸಿ ಮೂರು ತಿಂಗಳಲ್ಲಿ 2 ಅಂಶ ಅಥವಾ ಅದಕ್ಕಿಂತ ಹೆಚ್ಚು ಕುಸಿದವರಲ್ಲಿ, ಸಾಮಾನ್ಯವಾಗಿ ಎಂಟು ವಾರದೊಳಗೆ ತಡೆಯಲಾರದ ಉರಿ ಕಾಣಿಸಿಕೊಳ್ಳುತ್ತದೆ. ಕುಸಿತ ದೊಡ್ಡದಾದಷ್ಟೂ ಅಪಾಯ ಹೆಚ್ಚು. ನಿಂತಾಗ ತಲೆಸುತ್ತು, ಕಣ್ಣಿನ ರೆಟಿನಾ ಕೆಡುವುದು ಜೊತೆಗೇ ಬರಬಹುದು. ಈ ರೋಗಿಗಳಿಗೆ ಆಗುವ ದೊಡ್ಡ ಅನ್ಯಾಯವೆಂದರೆ ‘ಶುಗರ್ ಚೆನ್ನಾಗಿದೆಯಲ್ಲ, ಇನ್ನೇನು’ ಎಂಬ ಮಾತು. ಸಕ್ಕರೆ ಚೆನ್ನಾದ ರೀತಿಯೇ ಇಲ್ಲಿ ತೊಂದರೆ. ಹಾಗೆಂದು ಔಷಧ ಬಿಟ್ಟು ಸಕ್ಕರೆ ಏರಿಸಿಕೊಳ್ಳುವುದು ಪರಿಹಾರವಲ್ಲ. ಹೆಚ್ಚಿನವರಲ್ಲಿ ತಿಂಗಳುಗಳು ಕಳೆದಂತೆ ನೋವು ಇಳಿಯುತ್ತದೆ. ಎಚ್‌ಬಿಎ1ಸಿ 12, 13ರಲ್ಲಿರುವವರು ಹಟಕ್ಕೆ ಬಿದ್ದು ಒಂದೇ ಸಲಕ್ಕೆ ಊಟ ಕಡಿದು ಔಷಧ ಏರಿಸುವ ಮೊದಲು ಇಳಿಕೆಯ ವೇಗವನ್ನು ವೈದ್ಯರ ಜೊತೆ ಮಾತಾಡಿ ಗೊತ್ತುಮಾಡಿಕೊಳ್ಳಬೇಕು. ಕಣ್ಣಿನ ತಪಾಸಣೆಯೂ ಆಗಲೇ ಆಗಬೇಕು.

ಇನ್ನು ಎಲ್ಲಕ್ಕಿಂತ ಹೆಚ್ಚಾಗಿ ಕಣ್ತಪ್ಪುವ ಕಾರಣ, ತಿದ್ದಲು ಎಲ್ಲಕ್ಕಿಂತ ಸುಲಭವಾದದ್ದೂ ಅದೇ: ಬಿ12 ವಿಟಮಿನ್ನಿನ ಕೊರತೆ. ಸಕ್ಕರೆ ಕಾಯಿಲೆಗೆ ಹೆಚ್ಚಾಗಿ ಕೊಡುವ ಮಾತ್ರೆಯಾದ ಮೆಟ್‌ಫಾರ್ಮಿನ್ ಸಣ್ಣಕರುಳಿನ ಕೊನೆಯಲ್ಲಿ ಬಿ12 ಹೀರಿಕೆಗೆ ಅಡ್ಡಬರುತ್ತದೆ. ಯಕೃತ್ತಿನಲ್ಲಿ ವರ್ಷಗಳಿಗಾಗುವಷ್ಟು ದಾಸ್ತಾನು ಇರುವುದರಿಂದ ಕೊರತೆ ತಕ್ಷಣ ಕಾಣದು. ನಾಲ್ಕೈದು ವರ್ಷ ಮಾತ್ರೆ ತೆಗೆದುಕೊಂಡ ಮೇಲೆ, ಅದರಲ್ಲೂ ಪ್ರಮಾಣ ಹೆಚ್ಚಿದ್ದವರಲ್ಲಿ, ಪಾದದ ಜೋಮಾಗಿ ಬರುತ್ತದೆ. ಅಷ್ಟರಲ್ಲಿ ‘ಇದು ಶುಗರ್‌ದೇ’ ಎಂದು ತೀರ್ಮಾನವಾಗಿರುತ್ತದೆ. ಬ್ರಿಟನ್ನಿನ ಔಷಧ ನಿಯಂತ್ರಣ ಸಂಸ್ಥೆ 2022ರಲ್ಲಿ ಇದನ್ನು ಮೆಟ್‌ಫಾರ್ಮಿನ್ನಿನ ಸಾಮಾನ್ಯ ಅಡ್ಡಪರಿಣಾಮಗಳ ಪಟ್ಟಿಗೆ ಸೇರಿಸಿತು. ಆ್ಯಸಿಡಿಟಿಗೆಂದು ಒಮೆಪ್ರಜೋಲ್ ಜಾತಿಯ ಮಾತ್ರೆಯನ್ನು ವರ್ಷಗಟ್ಟಲೆ ನುಂಗುವವರು, ಮಾಂಸ, ಮೊಟ್ಟೆ, ಹಾಲು ಮುಟ್ಟದವರು ಇನ್ನೂ ಬೇಗ ಕೊರತೆಗೆ ಬೀಳುತ್ತಾರೆ. ಇದಕ್ಕೆ ಮದ್ದು ಮೆಟ್‌ಫಾರ್ಮಿನ್ ಬಿಡುವುದಲ್ಲ, ಬಿ12 ತುಂಬುವುದು.

ಪರೀಕ್ಷೆಯಲ್ಲಿ ಎರಡು ಎಡವಟ್ಟು ಮಾಮೂಲು. ಮೊದಲನೆಯದು, ಬಿ-ಕಾಂಪ್ಲೆಕ್ಸ್ ಮಾತ್ರೆ ನುಂಗುತ್ತಲೇ ರಕ್ತ ಕೊಡುವುದು. ರಕ್ತದ ಮಟ್ಟ ಚೆನ್ನಾಗಿ ಕಾಣುತ್ತದೆ, ನಿಜವಾದ ಕೊರತೆ ಮುಚ್ಚಿಹೋಗುತ್ತದೆ. ಎರಡನೆಯದು, ವರದಿಯಲ್ಲಿ ‘ನಾರ್ಮಲ್’ ಎಂದು ಅಚ್ಚಾಗಿದ್ದನ್ನು ನೋಡಿ ಸುಮ್ಮನಾಗುವುದು. ಮಿಲಿಲೀಟರಿಗೆ 200 ಪಿಕೊಗ್ರಾಂಗಿಂತ ಕಡಿಮೆಯಿದ್ದರೆ ಕೊರತೆ ಎಂಬುದರಲ್ಲಿ ಅನುಮಾನವಿಲ್ಲ. 200ರಿಂದ 300ರ ನಡುವೆ ಇದ್ದರೆ ಅದು ನಾರ್ಮಲ್ ಅಲ್ಲ, ಸಂದೇಹದ ಪಟ್ಟಿ. ಅಲ್ಲಿ, ಬಿ12 ಸಾಲದಾದಾಗ ರಕ್ತದಲ್ಲಿ ಏರುವ ಮೀಥೈಲ್‌ಮೆಲೋನಿಕ್ ಆಮ್ಲದ ಪರೀಕ್ಷೆ ಹೆಚ್ಚು ಸತ್ಯ ಹೇಳುತ್ತದೆ, ಮೂತ್ರಪಿಂಡ ಸರಿಯಿದ್ದವರಲ್ಲಿ ಮಾತ್ರ. ರಕ್ತಹೀನತೆ ಇಲ್ಲವಾದ್ದರಿಂದ ಬಿ12 ಸರಿಯಿದೆ ಎಂಬ ತರ್ಕವೂ ನಿಲ್ಲದು, ಫೋಲಿಕ್ ಆಮ್ಲದ ಮಾತ್ರೆ ರಕ್ತವನ್ನು ಸರಿಪಡಿಸಿ ನರವನ್ನು ಕೈಬಿಡುತ್ತದೆ.

ಇದರ ಹಿಂದೆಯೇ ಇನ್ನೊಂದು ಎಚ್ಚರಿಕೆ. ‘ನರಕ್ಕೆ ಒಳ್ಳೆಯದು’ ಎಂದು ಮಾರುವ ಮಾತ್ರೆಗಳಲ್ಲಿ ಬಿ6, ಅಂದರೆ ಪಿರಿಡಾಕ್ಸಿನ್, ಧಾರಾಳವಾಗಿ ತುಂಬಿರುತ್ತದೆ. ವಯಸ್ಕರಿಗೆ ದಿನಕ್ಕೆ ಬೇಕಾದದ್ದು ಎರಡು ಮಿಲಿಗ್ರಾಂಗಿಂತ ಕಡಿಮೆ. ಅಮೆರಿಕದ ಮೇಲ್ಮಿತಿ 100 ಮಿಲಿಗ್ರಾಂ, ಯುರೋಪಿನ ಆಹಾರ ಸುರಕ್ಷಾ ಸಂಸ್ಥೆ 2023ರಲ್ಲಿ ಅದನ್ನು 12 ಮಿಲಿಗ್ರಾಂಗೆ ಇಳಿಸಿತು. ಬಿ6 ಅತಿಯಾದರೆ ಆಗುವುದು ಏನು ಗೊತ್ತೇ? ಕೈಕಾಲು ಮರಗಟ್ಟುವುದು! ಜೋಮು ಹೆಚ್ಚಾಯಿತೆಂದು ಎರಡೆರಡು ಬ್ರಾಂಡಿನ ಮಾತ್ರೆ ಕೂಡಿಸಿ ನುಂಗುವ ಮೊದಲು ಪಟ್ಟಿಯ ಹಿಂಬದಿಯ ಸಣ್ಣಕ್ಷರ ಓದಿ ಕೂಡಿಸಿ ನೋಡುವುದು ವಾಸಿ.

ಮಧುಮೇಹ ಇದ್ದವರ ಎಲ್ಲ ನರದ ತೊಂದರೆಯೂ ಈ ಪಾದದ ಜಾತಿಯದ್ದಲ್ಲ. ಮಣಿಕಟ್ಟಿನ ಇಕ್ಕಟ್ಟಿನಲ್ಲಿ ನರ ಒತ್ತಿ ಮೊದಲ ಮೂರು ಬೆರಳು ಜೋಮು ಹಿಡಿಯುವುದು ಇವರಲ್ಲಿ ಹೆಚ್ಚು. ಒಂದೇ ತೊಡೆಯಲ್ಲಿ ಹಠಾತ್ತಾಗಿ ತೀವ್ರ ನೋವು ಬಂದು, ವಾರಗಳಲ್ಲಿ ತೊಡೆ ಸೊರಗಿ, ಕುರ್ಚಿಯಿಂದ ಏಳಲಾಗದಂತಾಗುವ ಒಂದು ಬಗೆಯಿದೆ. ಅದಕ್ಕೆ ನರದ ಸಣ್ಣ ನಾಳಗಳ ಉರಿಯೂತ ಕಾರಣ, ಸಕ್ಕರೆ ಅಷ್ಟೇನೂ ಏರದವರಲ್ಲೂ ಬರುತ್ತದೆ. ಹೃದಯ, ಹೊಟ್ಟೆ, ಮೂತ್ರಕೋಶದ ತಂತಾನೇ ನಡೆಯುವ ಕೆಲಸಗಳ ನರ ಕೆಟ್ಟರೆ ಎದ್ದು ನಿಂತಾಗ ರಕ್ತದೊತ್ತಡ 20 ಅಂಶ ಕುಸಿಯುವುದು, ತಿಂದದ್ದು ಹೊಟ್ಟೆಯಲ್ಲೇ ನಿಲ್ಲುವುದು, ಪಾದ ಬೆವರದೆ ಒಡೆಯುವುದು ಕಾಣುತ್ತದೆ. ಇನ್ನು ಜೋಮು ಕೈಯಲ್ಲಿ ಮೊದಲು ಬಂದರೆ, ಒಂದೇ ಬದಿಗಿದ್ದರೆ, ಸ್ಪರ್ಶಕ್ಕಿಂತ ಶಕ್ತಿಯೇ ಮೊದಲು ಹೋಗುತ್ತಿದ್ದರೆ, ವಾರಗಳಲ್ಲಿ ಜೋರಾಗುತ್ತಿದ್ದರೆ ಸಕ್ಕರೆಯ ಮೇಲೆ ಹೊರೆ ಹೊರಿಸಿ ಕೈತೊಳೆದುಕೊಳ್ಳಬಾರದು. ಮದ್ಯ, ಥೈರಾಯ್ಡ್, ಮೂತ್ರಪಿಂಡ ವೈಫಲ್ಯ, ಕುಷ್ಠ, ಕ್ಯಾನ್ಸರ್ ಔಷಧ, ರೋಗನಿರೋಧಕ ವ್ಯವಸ್ಥೆ ತನ್ನ ನರದ ಮೇಲೇ ತಿರುಗಿಬೀಳುವ ಸಿಐಡಿಪಿ, ಎಲ್ಲವೂ ಮಧುಮೇಹಿಗೂ ಬರುತ್ತವೆ. ಇವುಗಳಲ್ಲಿ ಕೆಲವಕ್ಕೆ ಖಚಿತ ಚಿಕಿತ್ಸೆಯಿದೆ.

ಉರಿಯಿಂದ ಮರಗಟ್ಟುವಿಕೆಗೆ ಹೊರಳುವ ಹಂತ ಜನರನ್ನು ಮೋಸಗೊಳಿಸುತ್ತದೆ. ನೋವು, ಬಿಸಿ, ತಂಪು ಹೊರುವ ಎಳೆಗಳು ತೀರ ತೆಳು, ಹೊದಿಕೆ ಇಲ್ಲ ಅಥವಾ ನೆಪಮಾತ್ರಕ್ಕೆ ಇದೆ. ಹಲವರಲ್ಲಿ ಮೊದಲು ಕೆಡುವುದು ಅವೇ. ಕೆಡುತ್ತಿರುವ ಎಳೆ ಸುಮ್ಮನಿರುವುದಿಲ್ಲ, ಅದರ ಸೋಡಿಯಂ ದ್ವಾರಗಳು ಹದ ತಪ್ಪಿ, ಯಾರೂ ಮುಟ್ಟದಿದ್ದರೂ ಸಂದೇಶ ಕಳಿಸುತ್ತವೆ. ಅದೇ ಉರಿ. ಈ ಹಂತದಲ್ಲಿ, ನರದಲ್ಲಿ ಸಂದೇಶದ ವೇಗ ಅಳೆಯುವ ನರ್ವ್ ಕಂಡಕ್ಷನ್ ಪರೀಕ್ಷೆ ಮಾಡಿಸಿದರೆ ವರದಿ ಪೂರ್ತಿ ಸರಿಯಾಗಿ ಬರಬಹುದು, ಏಕೆಂದರೆ ಆ ಯಂತ್ರಕ್ಕೆ ಕಾಣುವುದು ದಪ್ಪ ಎಳೆಗಳು ಮಾತ್ರ. ತೆಳು ಎಳೆಗಳನ್ನು ನೋಡಲು ಕಾಲಿನ ಹರಡಿನಿಂದ 10 ಸೆಂಟಿಮೀಟರ್ ಮೇಲೆ 3 ಮಿಲಿಮೀಟರ್ ಅಗಲದ ಚರ್ಮದ ಚೂರು ತೆಗೆದು ಎಣಿಸಬೇಕು. ಪ್ರೆಗಾಬಲಿನ್, ಡುಲಾಕ್ಸೆಟಿನ್, ಅಮಿಟ್ರಿಪ್ಟಿಲಿನ್ ಈ ಉರಿಯ ಸದ್ದನ್ನು ಇಳಿಸುತ್ತವೆ, ಎಳೆಯನ್ನು ದುರಸ್ತಿ ಮಾಡುವುದಿಲ್ಲ. ಒಂದು ದಿನ ಉರಿ ತಾನಾಗಿ ನಿಂತರೆ ವಾಸಿಯಾಯಿತೆಂದು ಸಂತೋಷಪಡುವವರಿದ್ದಾರೆ. ಕೆಲವರಲ್ಲಿ ಅದು ನಿಜವೂ ಹೌದು. ಇನ್ನು ಕೆಲವರಲ್ಲಿ ಕೂಗಲು ಎಳೆಯೇ ಉಳಿದಿಲ್ಲ ಎಂದು ಅರ್ಥ.

ಪಾದದ ಸ್ಪರ್ಶ ಎಷ್ಟು ಉಳಿದಿದೆ ಎಂದು ತಿಳಿಯುವುದಕ್ಕೆ ಮನೆಯಲ್ಲೇ ಮಾಡಬಹುದಾದ ಒಂದು ಪರೀಕ್ಷೆಯಿದೆ. ಇಪ್ಸ್‌ವಿಚ್ ಸ್ಪರ್ಶ ಪರೀಕ್ಷೆ ಎನ್ನುತ್ತಾರೆ. ಉಪಕರಣ ಬೇಡ, ಇನ್ನೊಬ್ಬರ ತೋರುಬೆರಳು ಸಾಕು. ಪರೀಕ್ಷೆಗೆ ಒಳಗಾಗುವವರು ಕಾಲು ಚಾಚಿ ಕಣ್ಣು ಮುಚ್ಚಿರಬೇಕು, ಮುಟ್ಟಿದ್ದು ಗೊತ್ತಾದ ಕೂಡಲೇ ‘ಬಲ’ ಅಥವಾ ‘ಎಡ’ ಎನ್ನಬೇಕು. ಮುಟ್ಟುವವರು ಬಲಗಾಲ ಹೆಬ್ಬೆರಳ ತುದಿ, ಬಲಗಾಲ ಕಿರುಬೆರಳು, ಎಡಗಾಲ ಹೆಬ್ಬೆರಳು, ಎಡಗಾಲ ಕಿರುಬೆರಳು, ಬಲಗಾಲ ನಡುಬೆರಳು, ಎಡಗಾಲ ನಡುಬೆರಳು, ಇದೇ ಕ್ರಮದಲ್ಲಿ ಒಂದೆರಡು ಸೆಕೆಂಡು ಗರಿ ಸೋಕಿದಷ್ಟು ಹಗುರವಾಗಿ ಮುಟ್ಟಬೇಕು. ಪರೀಕ್ಷೆ ಹಾಳಾಗುವುದು ಮುಟ್ಟುವವರ ಕರುಣೆಯಿಂದ. ಉತ್ತರ ಬಾರದಿದ್ದಾಗ ಅವರ ಬೆರಳು ತಾನಾಗಿ ಒತ್ತುತ್ತದೆ, ತಟ್ಟುತ್ತದೆ, ಇಲ್ಲವೇ ‘ಈಗ ಗೊತ್ತಾಯಿತಾ?’ ಎಂದು ಬಾಯಿ ಬಿಡುತ್ತದೆ. ಒತ್ತಿದರೆ ಬೆರಳು ಅಲುಗಿ ಕೀಲಿನ ನರ ಸುದ್ದಿ ಮುಟ್ಟಿಸುತ್ತದೆ, ಚರ್ಮದ ನರ ಪಾಸಾದಂತೆ ಕಾಣುತ್ತದೆ. ಒಂದು ಬೆರಳಿಗೆ ಒಂದೇ ಅವಕಾಶ. ಆರರಲ್ಲಿ ಎರಡು ಅಥವಾ ಹೆಚ್ಚು ತಪ್ಪಿದರೆ ಆ ಪಾದ ಅಪಾಯದಲ್ಲಿದೆ. 10 ಗ್ರಾಂ ಮಾನೊಫಿಲಮೆಂಟ್, ಅಂದರೆ ಅಷ್ಟು ಒತ್ತಡಕ್ಕೆ ಬಾಗುವ ನೈಲಾನ್ ಎಳೆ, ಮತ್ತು 128 ಹರ್ಟ್ಜ್ ಶ್ರುತಿಕವೆಯಲ್ಲಿ ವೈದ್ಯರಿಂದ ಖಚಿತಪಡಿಸಿಕೊಳ್ಳಬೇಕು. ಆ ಭೇಟಿಗೆ ಕಾಯದೆ, ಅಂದಿನಿಂದಲೇ ಬೂಟಿನೊಳಗೆ ಕಾಲಿಗಿಂತ ಮೊದಲು ಕೈ ಹೋಗಬೇಕು. ಕಲ್ಲೋ ಮೊಳೆಯೋ ಮಡಚಿದ ಒಳಪದರವೋ ಇದ್ದರೆ ಕಾಲು ಇನ್ನು ಹೇಳುವುದಿಲ್ಲ.